ಫ್ಯಾನಿನ ಕೆಳಗಿನ ಜಾಗ

ಹೊಸ ಮನೆಯ ತಾರಸಿಗೆ ಮೋಲ್ಡ್ ಹಾಕುವ ಹಿಂದಿನ ದಿನ ತಿಪ್ಪೇಶ ಸೆಂಟ್ರಿಂಗ್ ಹಲಗೆಗಳ ಮೇಲೆ ಕುಕ್ಕರಗಾಲಲ್ಲಿ ಕೂತು, ಕೆಳಗೆ ನಿಂತಿದ್ದ ನನ್ನನ್ನು ಕೇಳಿದ: "ಅತ್ತಿಗಿ, ಫ್ಯಾನ್ ಬಾಕ್ಸ್ ಎಲ್ಲೆಲ್ಲಿ ಇಡಬೇಕ್ರಿ?"

"ಎಲ್ಲೂ ಬ್ಯಾಡ," ಎಂದೆ.

ತಿಪ್ಪೇಶ ನನ್ನ ಗಂಡ ಕ್ರಾಂತಿಕುಮಾರರ ಚಿಕ್ಕಪ್ಪನ ಮಗ, ಕೂಡ್ಲಿಗಿಯಲ್ಲಿ ವೈರಿಂಗ್ ಕೆಲಸ ಮಾಡುವವನು. ಅಣ್ಣನ ಮನೆಯೆಂದರೆ ತನ್ನದೇ ಮನೆ ಎಂದುಕೊಂಡು ಮೂರು ದಿನದಿಂದ ಬಿಸಿಲಲ್ಲಿ ಪೈಪು ಎಳೆಯುತ್ತಿದ್ದ. ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಕೇಳಿದ. ನಾನೂ ಇನ್ನೊಮ್ಮೆ ಹೇಳಿದೆ. ಹಾಲಿಗೂ ಎರಡು ರೂಮಿಗೂ ಏಸಿ ಬರುತ್ತದೆ, ಫ್ಯಾನ್ ಯಾಕೆ?

"ಏಸಿ ಇದ್ರೂ ಫ್ಯಾನ್ ಬೇಕ್ರಿ. ಏಸಿ ಇಪ್ಪತ್ತಾರಕ್ಕ ಇಟ್ಟು ಫ್ಯಾನ್ ಸಣ್ಣಗ ಬಿಟ್ರ ತಂಪು ಮೂಲಿಮೂಲಿಗೂ ಹೋಗ್ತೈತಿ. ಕರೆಂಟ್ ಹೋತಂದ್ರ ಯುಪಿಎಸ್ ಮ್ಯಾಲ ಏಸಿ ನಡ್ಯಂಗಿಲ್ಲ, ಫ್ಯಾನ್ ನಡೀತೈತಿ. ಈಗ ಬ್ಯಾಡ ಅಂದು ಆಮ್ಯಾಲ ಬೇಕು ಅಂದ್ರ ಮೋಲ್ಡ್ ಕೊರೀಬೇಕಾಗ್ತೈತಿ ನೋಡ್ರಿ."

ನಾನು ಗುಡೇಕೋಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಎದುರಿನವರು ಬಾಯಿ ತೆರೆಯುವ ಮೊದಲೇ ಉತ್ತರ ಬರೆದಿಟ್ಟುಕೊಳ್ಳುವ ಚಟ ನನಗೆ. ರೆಕ್ಕೆಯ ಮೇಲೆ ಧೂಳು ಕೂರುತ್ತದೆ, ಒರೆಸುವವರು ಯಾರು? ಪಿಒಪಿ ಸೀಲಿಂಗಿನ ಅಂದ ಕೆಡುತ್ತದೆ. ಹಳೆಯದಾದರೆ ಕಿರಗುಟ್ಟುತ್ತದೆ. ಮೂರನ್ನೂ ಬೆರಳು ಮಡಚಿ ಹೇಳಿದೆ. ನನ್ನ ಗಂಡ "ಆಕಿ ಹೇಳಿದಂಗ ಮಾಡಪ್ಪ" ಎಂದು ಕೈಚೆಲ್ಲಿದರು. ತಿಪ್ಪೇಶ ಮುಖ ಸಣ್ಣದು ಮಾಡಿಕೊಂಡು ಲೈಟಿನ ಬಾಕ್ಸುಗಳನ್ನಷ್ಟೇ ಕಟ್ಟಿದ. ಮರುದಿನ ಕಾಂಕ್ರೀಟ್ ಬಿತ್ತು. ನಾನು ಹೇಳಿದ ಮೂರು ಕಾರಣಗಳಲ್ಲಿ ಒಂದೂ ನಿಜವಾದ ಕಾರಣವಲ್ಲ.

ನಿಜವಾದ ಕಾರಣ ಹೇಳಬೇಕಾದರೆ ಹಳೆಯ ಮನೆಯ ಫ್ಯಾನಿನಿಂದ ಶುರು ಮಾಡಬೇಕು.

ಹಳೆಯ ಮನೆ ಊರೊಳಗೆ, ನಮ್ಮ ಕೇರಿಯಲ್ಲಿ. ನನ್ನ ಗಂಡನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಕಚೇರಿ ಕೆಲಸ ಸಿಕ್ಕಾಗ ಮೊದಲ ಸಂಬಳದಲ್ಲಿ ಮನೆಗೆ ತಂದದ್ದು ಒಂದು ಸೀಲಿಂಗ್ ಫ್ಯಾನು. ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಎದುರಿಗೆ ಪಡಸಾಲೆಯಲ್ಲಿ ಅದು ತಿರುಗತೊಡಗಿದ ದಿನದಿಂದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ಪಡಸಾಲೆ ಕೇರಿಯ ಹೆಂಗಸರದಾಯಿತು. ಮಾರ್ಚಿನಿಂದ ಮೇವರೆಗೆ ಅವರಿಗೆಲ್ಲ ಹುಣಸೆಹಣ್ಣಿನ ಕೆಲಸ. ಬೆಳಗಿನ ತಂಪಿನಲ್ಲಿ ಮರದ ಕೆಳಗೆ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಾರೆ. ಹನ್ನೆರಡು ದಾಟಿ ಬಿಸಿಲು ಏರಿದರೆ ಎದ್ದು ಬರುತ್ತಾರೆ. ಅವರ ಮನೆಗಳೆಲ್ಲ ತಗಡಿನವು. ಮಧ್ಯಾಹ್ನ ಅದರೊಳಗೆ ಕೂರುವುದೂ ಒಂದೇ, ಕಾದ ಹಂಚಿನ ಮೇಲೆ ಕೂರುವುದೂ ಒಂದೇ.

ಅವರು ಮಲಗುವುದಕ್ಕೆ ಒಂದು ಪದ್ಧತಿ ಇತ್ತು. ತಲೆ ಫ್ಯಾನಿನ ಕಡೆಗೆ, ಕಾಲು ಗೋಡೆಯ ಕಡೆಗೆ. ಎಂಟು ಹತ್ತು ಜನ ಹಾಗೆ ಸುತ್ತಲೂ ಮಲಗಿದರೆ ಬಂಡಿಯ ಗಾಲಿಯನ್ನು ಅಡ್ಡ ಹಾಕಿದಂತೆ ಕಾಣುತ್ತಿತ್ತು. ಸರಿಯಾಗಿ ಫ್ಯಾನಿನ ಕೆಳಗೆ ಮಾತ್ರ ಒಬ್ಬರು ಮಲಗುವಷ್ಟು ಜಾಗ ಬಿಡುತ್ತಿದ್ದರು. ಅದಕ್ಕೆ ನಡುವಿನ ಜಾಗ ಎನ್ನುತ್ತಿದ್ದರು. ಬಸುರಿ ಇದ್ದರೆ ಬಸುರಿಗೆ, ಬಾಣಂತಿ ಇದ್ದರೆ ಬಾಣಂತಿಗೆ, ಜ್ವರದವರಿದ್ದರೆ ಅವರಿಗೆ. ಯಾರೂ ಇಲ್ಲದ ದಿನ ಅದು ಖಾಲಿ. ಸೆಕೆ ಎಷ್ಟೇ ಇರಲಿ, ಗಟ್ಟಿಮುಟ್ಟಾಗಿದ್ದವರು ಅಲ್ಲಿ ತಲೆ ಇಡುತ್ತಿರಲಿಲ್ಲ. ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ಮುರಿದವರನ್ನು ನಾನು ನೋಡಿಲ್ಲ.

ನೀಲಗುಂದದಿಂದ ಮದುವೆಯಾಗಿ ಬಂದ ವರ್ಷ ಬೇಸಿಗೆಯಲ್ಲಿ ನಾನು ಏಳು ತಿಂಗಳ ಬಸುರಿ. ನಡುವಿನ ಜಾಗ ನನ್ನದಾಯಿತು. ಚಾಪೆ ಹಾಸಿ, ತಲೆಗೆ ಮಡಚಿದ ಸೀರೆ ಇಟ್ಟು, "ಬಾ, ಇಲ್ಲಿ ಮಲಕ್ಕ, ಮಗಾ ಒಳಗ ಬೇಯಬಾರ್ದು" ಎಂದು ಕೈಹಿಡಿದು ಮಲಗಿಸಿದವಳು ಗಾದೆಮ್ಮ, ನಮ್ಮತ್ತೆ ಪಕ್ಕೀರಮ್ಮನ ಜೀವದ ಗೆಳತಿ. ಮಗ ಭರತ್ ಹುಟ್ಟಿ, ರಜೆ ಮುಗಿದು ನಾನು ಶಾಲೆಗೆ ಹೋಗತೊಡಗಿದಾಗ ಆ ಜಾಗ ಅವನಿಗೆ ಹೋಯಿತು. ಕರೆಂಟ್ ಹೋದರೆ ಗಾದೆಮ್ಮ ಮೊರ ತಗೊಂಡು ಅವನಿಗೆ ಬೀಸುತ್ತಿದ್ದಳು. ಒಂದು ದಿನ ನಾನು ಗುಡೇಕೋಟೆಯ ಬಸ್ಸಿಳಿದು ಬಂದಾಗ ಅವಳು ಕೈ ಬದಲಿಸಿ ಕೈ ಬದಲಿಸಿ ಬೀಸುತ್ತಲೇ ಇದ್ದಳು. ಕರೆಂಟ್ ಯಾವಾಗ ಹೋಯಿತು ಎಂದರೆ "ಆಗಲೇ" ಎಂದಳು. ಹನ್ನೆರಡೂವರೆಗೇ ಹೋಗಿತ್ತಂತೆ. ಆಗ ಮೂರೂವರೆ.

ಇಷ್ಟನ್ನೂ ಉಂಡವಳು ನಾನು. ಆದರೂ ವರ್ಷ ಕಳೆದ ಹಾಗೆ ನನಗೆ ಕಿರಿಕಿರಿ ಶುರುವಾಯಿತು. ರಜೆಯ ದಿನ ನನ್ನ ಮನೆಯಲ್ಲಿ ನಾನು ಕಾಲು ಚಾಚಲು ಜಾಗವಿಲ್ಲ. ಹುಣಸೆಯ ಹುಳಿ ವಾಸನೆ, ತಂಬಾಕಿನ ವಾಸನೆ. ಕಡಪ ಕಲ್ಲಿನ ನೆಲದ ಮೇಲೆ ಅವರ ತಲೆಗಳಿದ್ದ ಕಡೆಯೆಲ್ಲ ಎಣ್ಣೆಯ ಕಲೆ ದುಂಡಗೆ ಕೂತಿತ್ತು. ಒಂದು ಭಾನುವಾರ ಅವರು ಎದ್ದು ಸೆರಗು ಸರಿಮಾಡಿಕೊಳ್ಳುತ್ತಿರುವಾಗಲೇ ಸೋಪಿನ ಪುಡಿ, ಬ್ರಷ್ಷು ತಂದು ಆ ಕಲೆಗಳನ್ನು ತಿಕ್ಕತೊಡಗಿದೆ. ಗಾದೆಮ್ಮ ಒಂದು ಬಿಂದಿಗೆ ನೀರು ತಂದು ನನ್ನ ಪಕ್ಕ ಇಟ್ಟಳು. ನಾನು ಸಿಟ್ಟಿನಲ್ಲಿ ತಿಕ್ಕುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ ಅಂತಲ್ಲ.

ಮುಂದೆ ಕೊಟ್ಟೂರು ರಸ್ತೆಯ ಹೊಸ ಲೇಔಟಿನಲ್ಲಿ ಸೈಟು ತಗೊಂಡೆವು. ನೋಡಲು ಹೋದ ದಿನ ಆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಲೆಕ್ಚರರು, ಇಂಜಿನಿಯರು, ಕಾಂಟ್ರಾಕ್ಟರು. ಅವತ್ತೇ ನನ್ನ ತಲೆಯಲ್ಲಿ ಒಂದು ಚಿತ್ರ ಬಂತು: ಈ ಬೀದಿಯಲ್ಲಿ ನಮ್ಮೊಂದು ಬಾಗಿಲು ಮಾತ್ರ ಹಾರು ಹೊಡೆದಿದೆ, ಹೊರಗೆ ಹತ್ತು ಜೊತೆ ಹವಾಯಿ ಚಪ್ಪಲಿ, ಒಳಗೆ ನಮ್ಮ ಕೇರಿ ಮಲಗಿದೆ. ನೋಡಿದವರಿಗೆ ನಾವು ಎಲ್ಲಿಂದ ಬಂದವರೆಂದು ಕೇಳುವುದೇ ಬೇಡ. ನನಗೆ ನಾಚಿಕೆಯಾಯಿತು. ಈ ಮಾತನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಫ್ಯಾನ್ ಇದ್ದರೆ ಬಾಗಿಲು ತೆರೆದಿರುತ್ತದೆ, ಜನ ಬರುತ್ತಾರೆ. ಏಸಿಗೆ ಬಾಗಿಲು ಹಾಕಲೇಬೇಕು. ಯಾರಿಗೂ ಬರಬೇಡಿ ಎನ್ನದೆ ಜನರನ್ನು ಹೊರಗಿಡಲು ಇದಕ್ಕಿಂತ ಮರ್ಯಾದಸ್ಥ ಉಪಾಯ ನನಗೆ ಹೊಳೆಯಲಿಲ್ಲ.

ಉಪಾಯ ಫಲಿಸಿತು. ಗೃಹಪ್ರವೇಶವಾದ ವಾರದಲ್ಲಿ ಒಂದು ಮಧ್ಯಾಹ್ನ ಏಳು ಜನ ಬಂದರು. ಏಸಿ ಹಾಕಿದೆ. ಒಬ್ಬರು ನೀರಿಗೆ ಎದ್ದರು, ಒಬ್ಬರು ತಂಬಾಕು ಉಗುಳಲು ಎದ್ದರು. ಪ್ರತಿ ಸಲ ಬಾಗಿಲು ತೆರೆದಾಗಲೂ ನಾನು "ಬಾಗಿಲು ಹಾಕ್ರಿ, ತಂಪು ಹೋಗ್ತೈತಿ" ಎಂದೆ. ಎಷ್ಟು ಸಲ ಎಂದೆನೋ. ಕಡೆಗೆ ಗಾದೆಮ್ಮ ಬಾಗಿಲ ಪಕ್ಕವೇ ಕೂತು, ಹೋಗಿಬರುವವರಿಗೆ ತೆಗೆದು ಹಾಕುವ ಕೆಲಸ ತಾನೇ ವಹಿಸಿಕೊಂಡಳು. ನಡುವೆ ಒಮ್ಮೆ ಮೆಲ್ಲಗೆ ಹೇಳಿದಳು: "ಮುಚ್ಚಿದ ಮನ್ಯಾಗ ನನಗ ಉಸಿರು ಕಟ್ಟಿದಂಗ ಆಗ್ತೈತೆವ್ವ."

ಸಂಜೆ ಎದುರು ಮನೆಯ ರೇಖಾ ಗೇಟಿನ ಹತ್ತಿರ ಸಿಕ್ಕಳು. "ಏನಾರ ಕಾರ್ಯ ಇತ್ತೇನ್ರಿ ಟೀಚರ್? ಭಾಳ ಚಪ್ಪಲಿ ಇದ್ವು." ಅವಳ ಮಾತಿನಲ್ಲಿ ಕುಹಕ ಇರಲಿಲ್ಲ, ಸುಮ್ಮನೆ ಕೇಳಿದ್ದು. ನಾನು ಹೇಳಿದ್ದು ಇದು: "ಇಲ್ರಿ, ಮನಿ ತೊಳ್ಯಾಕ ಕೆಲಸದವರು ಬಂದಿದ್ರು."

ನನ್ನ ಮಗನಿಗೆ ಮೊರದಲ್ಲಿ ಬೀಸಿದವಳು ನನ್ನ ಬಾಯಲ್ಲಿ ಕೆಲಸದವಳಾದಳು. ಹೇಳಿದ ಮೇಲೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಆದರೆ ಮತ್ತೆ ಹೊರಗೆ ಬಂದು ಮಾತು ತಿದ್ದಲಿಲ್ಲ.

ಆಮೇಲೆ ಬರುವವರು ಏಳು ಇದ್ದದ್ದು ನಾಲ್ಕಾಯಿತು, ನಾಲ್ಕು ಇದ್ದದ್ದು ಇಲ್ಲವೇ ಇಲ್ಲವಾಯಿತು. ಅತ್ತೆಯೇ ಮಧ್ಯಾಹ್ನ ತಲೆಗೆ ಸೆರಗು ಹೊದ್ದು ಕೇರಿಗೆ ನಡೆದು ಹೋಗಿ, ಅದೇ ಹೆಂಗಸರಲ್ಲಿ ಒಬ್ಬಳಾದ ಶಿವಮ್ಮನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕೂತು ಬರತೊಡಗಿದರು. ಏಸಿ ಅವರಿಗೆ ಒಗ್ಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಕೌದಿ ಹೊದ್ದುಕೊಂಡು "ಕಾಲು ಹಿಡ್ಕಂತಾವ" ಎನ್ನುತ್ತಿದ್ದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳ ಆಡಬಹುದಿತ್ತು. ಜಗಳ ನನಗೆ ಬರುತ್ತದೆ.

ಕಳೆದ ವರ್ಷ ಏಪ್ರಿಲ್ ಕೊನೆಯ ವಾರ. ಭರತ್ ರಜೆಗೆ ನೀಲಗುಂದಕ್ಕೆ ಹೋಗಿದ್ದ. ನನ್ನ ಗಂಡ ಕಚೇರಿಯಲ್ಲಿ. ಅತ್ತೆಗೆ ಮಂಡಿ ಹಿಡಿದುಕೊಂಡಿತ್ತು, ಎರಡು ದಿನದಿಂದ ಹೊರಗೆ ಹೋಗದೆ ಅವರು ತಮ್ಮ ರೂಮಿನಲ್ಲಿ ನಿದ್ದೆ ಮಾಡುತ್ತಿದ್ದರು. ನಾನು ಹಾಲಿನ ಸೋಫಾದಲ್ಲಿ ಏಸಿ ಹಾಕಿಕೊಂಡು ಮಲಗಿದ್ದೆ. ಎರಡು ಗಂಟೆಯ ಹೊತ್ತಿಗೆ ಗೇಟಿನ ಚಿಲಕದ ಸದ್ದಾಯಿತು. ಪರದೆಯ ಅಂಚು ಸರಿಸಿ ನೋಡಿದೆ. ಗಾದೆಮ್ಮ. ಸೊಂಟದ ಮೇಲೆ ಬಟ್ಟೆಯ ಗಂಟು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತು. ಪ್ರತಿ ವರ್ಷ ಒಳ್ಳೆಯ ಹುಣಸೆಹಣ್ಣು ಆರಿಸಿ, ನಾರು ತೆಗೆದು, ಉಪ್ಪು ಹಾಕಿ ಉಂಡೆ ಕಟ್ಟಿ ನಮ್ಮ ಮನೆಗೆ ತರುತ್ತಾಳೆ.

ಬೆಲ್ ಇತ್ತು. ಅವಳು ಒತ್ತಲಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ಬಾಗಿಲು ಬಡಿದು, "ಪಕ್ಕೀರಿ" ಎಂದು ಒಮ್ಮೆ ಕರೆದಳು.

ನಾನು ಏಳಲಿಲ್ಲ. ತೆರೆದರೆ ಇವತ್ತು ಇವಳು, ನಾಳೆ ಇಬ್ಬರು, ನಾಡಿದ್ದು ಎಲ್ಲರೂ. ಅಷ್ಟು ಕಷ್ಟಪಟ್ಟು ಮುಚ್ಚಿದ ಬಾಗಿಲು. ಎದುರು ಮನೆಯ ಕಿಟಕಿ ಬೇರೆ ತೆರೆದಿತ್ತು. ಸ್ವಲ್ಪ ಹೊತ್ತು ನೋಡಿ ಹೋಗುತ್ತಾಳೆ ಎಂದುಕೊಂಡೆ.

ಅವಳು ಹೋಗಲಿಲ್ಲ. ಮುಂದಿನ ಕಟ್ಟೆಯ ಮೇಲೆ ಕೂತಳು. ಕಟ್ಟೆಯ ತುದಿಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಾಲಿನ ಏಸಿಯ ಹೊರಗಿನ ಡಬ್ಬಿ ಇದೆ. ಜಾಲರಿಯ ಒಳಗೆ ಫ್ಯಾನ್ ತಿರುಗುವುದು ಕಾಣುತ್ತದೆ. ಗಾದೆಮ್ಮ ಅದನ್ನು ನೋಡಿದಳು. ಎದ್ದು ಗಂಟು ಎತ್ತಿಕೊಂಡು ಹೋಗಿ, ಸರಿಯಾಗಿ ಅದರ ಮುಂದೆ ಕೂತು, ಕೊರಳ ಸುತ್ತಿನ ಸೆರಗು ಸಡಿಲಿಸಿ ಅದಕ್ಕೆ ಮುಖ ಕೊಟ್ಟಳು. ನಾವು ಒಳಗಿನಿಂದ ಹೊರದಬ್ಬಿದ ಸೆಕೆಯೆಲ್ಲ ಅವಳ ಮುಖಕ್ಕೆ ಬಡಿಯುತ್ತಿತ್ತು. ನರೆತ ಕೂದಲು ಹಾರುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡಳೇ ಹೊರತು ಸರಿಯಲಿಲ್ಲ. ಮೊದಲು ಬಿಸಿ ಬಂದು ಆಮೇಲೆ ತಂಪಾಗುತ್ತದೆ ಎಂದು ಕಾದಳೋ ಏನೋ.

ರಿಮೋಟ್ ನನ್ನ ಕೈಯಲ್ಲೇ ಇತ್ತು. ಒಂದು ಗುಂಡಿ ಒತ್ತಿದ್ದರೆ ಆ ಬಿಸಿಗಾಳಿ ನಿಲ್ಲುತ್ತಿತ್ತು. ಆದರೆ ಆಗ ಒಳಗೆ ಯಾರೋ ಎಚ್ಚರವಿದ್ದಾರೆಂದು ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೇ ನಾನು ಒತ್ತಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಮಲಗಿದೆ. ಇಪ್ಪತ್ತೈದು ನಿಮಿಷ. ಆಮೇಲೆ ಅವಳು ಗೋಡೆ ಹಿಡಿದು ಎದ್ದು, ಗಂಟನ್ನು ಬಾಗಿಲ ಮುಂದಿಟ್ಟು, ಕಿಟಕಿಯ ಕಡೆ ಒಮ್ಮೆ ನೋಡಿ ಹೋದಳು. ನಾನು ಪರದೆ ಬಿಟ್ಟೆ. ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ: ಆಮೇಲೆ ನನಗೆ ನಿದ್ದೆಯೂ ಬಂತು.

ಐದು ಗಂಟೆಗೆ ಶಿವಮ್ಮ ಗೇಟಿನ ಹೊರಗೇ ನಿಂತು ಅತ್ತೆಯನ್ನು ಕೂಗಿದಳು. "ಪಕ್ಕೀರಮ್ಮತ್ತಿ, ಗಾದೆಮ್ಮತ್ತಿ ಬಸ್‌ಸ್ಟ್ಯಾಂಡ್ ಹತ್ರ ತಲಿ ತಿರುಗಿ ಬಿದ್ದಾಳ. ದವಾಖಾನಿಗಿ ಹಾಕ್ಯಾರ, ಬಾಟ್ಲಿ ಏರಿಸ್ಯಾರ."

ಅತ್ತೆ ಕುಂಟುತ್ತ ಹೊರಗೆ ಬಂದರು. ಬಾಗಿಲ ಮುಂದೆ ಗಂಟು. ಅದನ್ನು ಎತ್ತಿ ಮೂಸಿ ನೋಡಿದರು. "ನಮ್ಮನಿಗಿ ಬಂದಿದ್ಲು ಆಕಿ," ಎಂದು ನನ್ನ ಕಡೆ ತಿರುಗಿದರು. "ರಮಾ, ನಿನಗ ಕೇಳಿಸ್ಲಿಲ್ಲೇನು?"

"ಇಲ್ರಿ ಅತ್ತಿ. ಏಸಿ ಸದ್ದಿನಾಗ ಏನೂ ಕೇಳಂಗಿಲ್ಲ."

"ಸುಡ್ಲಿ ಆ ಏಸಿ," ಎಂದು ಅತ್ತೆ ಬೈದರು. ನನ್ನ ಪಾಲಿನ ಬೈಗುಳವನ್ನೂ ಅದೇ ತಿಂದಿತು. ನಾನು ತಿನ್ನಲು ಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಗಾದೆಮ್ಮ ಕಬ್ಬಿಣದ ಮಂಚದಲ್ಲಿ ಸಣ್ಣಗಾಗಿ ಮಲಗಿದ್ದಳು. ಎಡಗೈಗೆ ಸೂಜಿ, ತುಟಿ ಒಡೆದಿತ್ತು. ನಮ್ಮನ್ನು ನೋಡಿ ಎದ್ದು ಕೂರಲು ಹೋದಳು.

"ಹುಣಸಿಹಣ್ಣು ಒಳಗ ತಗೊಂಡ್ರಿಲ್ಲ? ಇರಿವಿ ಹತ್ತಿದ್ವೇನೋ ಅಂತ ರಾತ್ರಿಯೆಲ್ಲ ಅದೇ ಚಿಂತಿ."

"ತಗೊಂಡೇವಿ ಬಿಡು. ನೀ ಯಾಕ ಆ ಬಿಸಿಲಾಗ ಬಂದಿ?" ಎಂದರು ಅತ್ತೆ.

"ಎರಡು ದಿನ ನೀ ಕಾಣ್ಲಿಲ್ಲ." ಅಷ್ಟು ಹೇಳಿ ಗಾದೆಮ್ಮ ನನ್ನ ಕಡೆ ತಿರುಗಿದಳು. "ಯವ್ವ, ನಿಮ್ಮ ಹೊರಗಿನ ಡಬ್ಬಿ ಕೆಟ್ಟೈತಿ ನೋಡು. ಫ್ಯಾನ್ ಜೋರ್ ತಿರುಗ್ತೈತಿ, ಗಾಳಿ ಬರೇ ಬಿಸಿ. ಭಾಳ ಹೊತ್ತು ಕುಂತು ನೋಡಿದೆ, ತಂಪಾಗ್ಲೇ ಇಲ್ಲ. ತಿಪ್ಪೇಶಗ ತೋರ್ಸು, ಪಾಪ, ಹೊಸಾದು."

ನಾನು ಸೂಜಿ ಚುಚ್ಚಿದ ಅವಳ ಕೈಯನ್ನೇ ನೋಡುತ್ತ ನಿಂತೆ. ಮೊರ ಬೀಸಿದ ಕೈ ಅದೋ ಇನ್ನೊಂದೋ. ಎರಡೂ ಇರಬೇಕು. ಡಬ್ಬಿ ಕೆಟ್ಟಿಲ್ಲ ಅತ್ತೀ, ಅದರ ಕೆಲಸವೇ ಅದು, ಕೆಟ್ಟವಳು ನಾನು, ನಾನು ನೋಡುತ್ತಿದ್ದೆ ಎಂದು ಹೇಳಬೇಕಿತ್ತು. "ತೋರಿಸ್ತೀನಿ" ಎಂದೆ.

ಆ ಭಾನುವಾರ ನನ್ನ ಗಂಡ ಪೇಪರ್ ಓದುತ್ತಿದ್ದಾಗ ಹಾಲಿಗೆ ಫ್ಯಾನ್ ಹಾಕಿಸಬೇಕು ಎಂದೆ. ಅವರು ಪೇಪರ್ ಕೆಳಗಿಟ್ಟರು.

"ಬ್ಯಾಡ ಅಂತ ಪಟ್ಟು ಹಿಡಿದಾಕಿ ನೀನ. ಈಗ ಆ ಸೀಲಿಂಗ್ ಎಲ್ಲಾ ಒಡೀಬೇಕು."

"ಏಸಿ ಇಪ್ಪತ್ತಾರಕ್ಕ ಇಟ್ಟು ಫ್ಯಾನ್ ಸಣ್ಣಗ ಬಿಟ್ರ ತಂಪು ಎಲ್ಲಾ ಕಡಿ ಹೋಗ್ತೈತ್ರಿ. ಕರೆಂಟ್ ಹೋದ್ರ ಯುಪಿಎಸ್ ಮ್ಯಾಲ ನಡೀತೈತಿ," ಎಂದೆ.

ತಿಪ್ಪೇಶನ ಮಾತನ್ನೇ ಒಪ್ಪಿಸಿದೆ. ಬೇಡ ಎಂದಾಗಲೂ ನಿಜ ಹೇಳಲಿಲ್ಲ, ಬೇಕು ಎಂದಾಗಲೂ ಹೇಳಲಿಲ್ಲ. ಅವರು ನನ್ನ ಮುಖ ನೋಡಿ, "ಗಾದೆಮ್ಮತ್ತಿ ಸಲುವಾಗೇನು?" ಎಂದು ಕೇಳಿದರು. ಎಲ್ಲರಿಗೂ ಒಳ್ಳೆಯದು ಎಂದೆ. ಅವರು ನನ್ನನ್ನು ಒಳ್ಳೆಯವಳೆಂದುಕೊಂಡರು. ಅದು ಇನ್ನೂ ಭಾರವಾಯಿತು.

ತಿಪ್ಪೇಶ ಮಿಷನ್ ತಂದು ಪಿಒಪಿ ಕೊರೆದ. ಬಿಳಿ ಪುಡಿ ಸೋಫಾ, ಟಿವಿ, ನನ್ನ ತಲೆ ಎಲ್ಲದರ ಮೇಲೂ ಬಿತ್ತು. ಮೋಲ್ಡಿಗೆ ದಪ್ಪ ಬೋಲ್ಟ್ ಹೊಡೆದು ಕೊಕ್ಕೆ ಕೂರಿಸಿ, ತನ್ನ ತೂಕ ಹಾಕಿ ಜೋತುಬಿದ್ದು ನೋಡಿದ. ನಾನು ಏಣಿ ಹಿಡಿದಿದ್ದೆ. ಏಸಿ ಹಾಕಿಯೇ ಇತ್ತು. ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಅವನು ಗೋಡೆಯ ಕಡೆ ನೋಡಿ ಮೆಚ್ಚಿಗೆಯಿಂದ ಹೇಳಿದ: "ಈ ಏಸಿ ಮಾತ್ರ ಚಲೋದು ಬಿಡ್ರಿ ಅತ್ತಿಗಿ. ಒಂಚೂರೂ ಸದ್ದಿಲ್ಲ."

ಅತ್ತೆ ತಮ್ಮ ರೂಮಿನ ಬಾಗಿಲಲ್ಲಿ ನಿಂತಿದ್ದರು. ಅವರು ಏಸಿಯನ್ನು ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋದರು. ನಾನು ಬಿಳಿ ಪುಡಿ ಗುಡಿಸಿದೆ. ಗುಡಿಸಿದಷ್ಟೂ ಬರುತ್ತಲೇ ಇತ್ತು.

ಮೇ ಮೊದಲ ವಾರ ನಾನೇ ಹುಣಸೆ ಕುಟ್ಟುವ ಜಾಗಕ್ಕೆ ಹೋಗಿ ಎಲ್ಲರನ್ನೂ ಕರೆದೆ. ಗಾದೆಮ್ಮನೂ ಕೆಲಸಕ್ಕೆ ಬಂದಿದ್ದಳು. ಸುತ್ತಿಗೆ ಹಿಡಿಯಲು ಕೈಯಲ್ಲಿ ಬಲವಿಲ್ಲದೆ ಬೇರೆಯವರು ಕುಟ್ಟಿದ ಹಣ್ಣಿನಿಂದ ಬೀಜ ಆರಿಸುತ್ತಿದ್ದಳು. "ಫ್ಯಾನ್ ಹಾಕಿಸೇವಿ. ಮಧ್ಯಾಹ್ನ ಬರ್ರಿ, ಮೊದಲಿನಂಗ," ಎಂದೆ. ಶಿವಮ್ಮ ಗಾದೆಮ್ಮನ ಮುಖ ನೋಡಿದಳು. ಗಾದೆಮ್ಮ "ಆತವ್ವ, ಬರ್ತೀವಿ" ಎಂದಳು.

ಅವತ್ತು ಬೆಳಿಗ್ಗೆಯೇ ಟೀಪಾಯಿ ಎತ್ತಿ ರೂಮಿನಲ್ಲಿಟ್ಟೆ, ಸೋಫಾವನ್ನು ಗೋಡೆಗೆ ತಳ್ಳಿದೆ. ನೆಲದ ನಡುವೆ ಚಾಪೆ ಹಾಸಿ, ನನ್ನದೇ ಒಂದು ಹಳೆಯ ಸೀರೆ ಮಡಚಿ ತಲೆಯ ಕಡೆ ಇಟ್ಟೆ. ಏಸಿ ಹಾಕಲಿಲ್ಲ. ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟೆ. ರೇಖಾ ತನ್ನ ಬಾಗಿಲಿನಿಂದ ನೋಡಿದಳು. ನೋಡಲಿ ಎಂದು ಗೇಟನ್ನೂ ತೆರೆದಿಟ್ಟೆ.

ಐದು ಜನ ಬಂದರು. ಕೆಲಸದಿಂದ ನೇರವಾಗಿ ಬಂದಿರಲಿಲ್ಲ. ಮನೆಗೆ ಹೋಗಿ ಕೈಕಾಲು ತೊಳೆದು, ಸೀರೆ ಬದಲಿಸಿಕೊಂಡು, ತಲೆ ಬಾಚಿಕೊಂಡು ಬಂದಿದ್ದರು. ಚಪ್ಪಲಿಗಳನ್ನು ಕಟ್ಟೆಯ ಕೆಳಗೆ, ಬೀದಿಗೆ ಕಾಣದಂತೆ ಸಾಲಾಗಿ ಬಿಟ್ಟರು. ಒಳಗೆ ಬಂದು ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ ನೆಟ್ಟಗೆ ಕೂತರು. ಫ್ಯಾನ್ ಹಾಕಿದೆ. ಎಲ್ಲರೂ ತಲೆ ಎತ್ತಿ ನೋಡಿ "ಚಲೋ ಐತಿ" ಎಂದರು.

"ಮಲಕ್ಕೋರಿ," ಎಂದೆ.

"ಇರ್ಲಿ ಬಿಡವ್ವ," ಎಂದಳು ಶಿವಮ್ಮ.

ಅತ್ತೆ ಬಂದು ಎಂದಿನಂತೆ ಕಾಲನ್ನು ಗೋಡೆಯ ಕಡೆ ಮಾಡಿ ಮಲಗಿದರು. ಜೊತೆಗೆ ಯಾರೂ ಮಲಗಲಿಲ್ಲ. "ಗಾದಿ, ನೀ ನಡುವ ಮಲಕ್ಕ. ಬಾಟ್ಲಿ ಏರಿಸ್ಕೊಂಡಾಕಿ," ಎಂದು ಅತ್ತೆ ಕರೆದರು.

"ನಾ ಗಟ್ಟಿ ಅದೀನಿ ಈಗ," ಎಂದಳು ಗಾದೆಮ್ಮ. ಆಮೇಲೆ ಟೈಲ್ಸಿನ ಮೇಲೆ ಅಂಗೈ ಸವರಿ, "ತಲಿಗಿ ಎಣ್ಣಿ ಹಚ್ಚೀನಿ. ಬಿಳಿ ನೆಲ, ಕಲಿ ಬೀಳ್ತೈತಿ," ಎಂದಳು.

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಬೀಳಲಿ ಅತ್ತಿ, ಬಿದ್ದರೇನಾಯಿತು ಎಂದೆ. ನನ್ನ ದನಿ ನನಗೇ ಬೇಡುವವಳ ದನಿಯಂತೆ ಕೇಳಿಸಿತು. ಅವಳು ನಕ್ಕು ನನ್ನ ಮಂಡಿ ತಟ್ಟಿದಳು. ಟೀ ಮಾಡಿ ತಂದೆ. ಕುಡಿದರು. ಲೋಟಗಳನ್ನು ತಾವೇ ತೊಳೆದಿಟ್ಟರು. ಭರತ್ ಎಷ್ಟನೆಯ ಕ್ಲಾಸು, ಪಾಸಾದನೋ ಎಂದು ಕೇಳಿದರು. ಬಂದು ಅರ್ಧ ಗಂಟೆಯಾಗಿರಲಿಲ್ಲ, ಶಿವಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ನೆಂಟರು ಎದ್ದು ಹೊರಡುವುದು ಹೀಗೆಯೇ. ಅವರ ತಗಡಿನ ಮನೆಗಳು ಈ ಹೊತ್ತಿಗೆ ಕಾದು ಕೂತಿವೆ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಗಾದೆಮ್ಮ ಕೊನೆಯವಳು. ಹೊಸ್ತಿಲು ದಾಟಿ ನಿಂತಳು. ಹೇಳಿದರೆ ಈಗಲೇ ಹೇಳಬೇಕು ಎಂದು ನಾನು ಹಿಂದೆಯೇ ಹೋದೆ.

"ಗಾದೆಮ್ಮತ್ತಿ, ಅವತ್ತು..."

ಅವಳು ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ. "ಅವತ್ತು ನೀವೆಲ್ಲಾ ಮಲಗಿದ್ರಿ," ಎಂದಳು. "ನಿದ್ದಿ ಮಾಡೋರ್ನ ಎಬ್ಬಿಸಬಾರ್ದು ಅಂತ ನಾನ ಸುಮ್ನ ಕುಂತೆ. ಅಲ್ಲೇನವ್ವ?"

ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ನಾನು ಒಪ್ಪಿಕೊಂಡು ಕಾಲು ಹಿಡಿಯಬೇಕಿದ್ದ ಹೊತ್ತು ಅದು. ಇಲ್ಲ ಎನ್ನಲು ಒಂದೇ ಮಾತು ಸಾಕಿತ್ತು.

"ಹೂಂ," ಎಂದೆ.

"ಅಷ್ಟ ಮತ್ತ," ಎಂದಳು ಗಾದೆಮ್ಮ. ಆಮೇಲೆ ಬಾಗಿಲ ಹಿಡಿಕೆಗೆ ಕೈ ಹಾಕಿ, ಸದ್ದಾಗದಂತೆ ಎಳೆಯತೊಡಗಿದಳು. "ಒಳಗ ಹೋಗವ್ವ. ಬಾಗಿಲು ಹಾಕ್ತೀನಿ, ತಂಪು ಹೋಗ್ತೈತಿ."

ಏಸಿ ಹಾಕಿರಲಿಲ್ಲ. ಫ್ಯಾನಿಗೆ ಬಾಗಿಲು ಹಾಕುವುದು ಬೇಡ ಎಂದು ನಾನು ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಕಟ್ಟೆಯ ಕೆಳಗೆ ಚಪ್ಪಲಿ ಮೆಟ್ಟುವ ಸದ್ದು, ಆಮೇಲೆ ಗೇಟಿನ ಚಿಲಕ. ಗೇಟನ್ನೂ ಹಾಕಿಕೊಂಡೇ ಹೋದರು.

ಹಿಂದಿರುಗಿ ನೋಡಿದರೆ ಅತ್ತೆ ಮಲಗಿದ್ದಲ್ಲೇ ಕಣ್ಣು ಬಿಟ್ಟುಕೊಂಡಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಗೋಡೆಯ ಕಡೆ ಮಗ್ಗುಲಾದರು.

ನಾನು ಬಾಗಿಲನ್ನು ಮತ್ತೆ ತೆರೆದೆ. ಗಾಳಿಗೆ ಹಾಕಿಕೊಳ್ಳದಿರಲೆಂದು ಹಿತ್ತಿಲಿನಿಂದ ರುಬ್ಬುವ ಗುಂಡುಕಲ್ಲು ತಂದು ಅದಕ್ಕೆ ಆನಿಸಿಟ್ಟೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಬಂದು ಅತ್ತೆಯ ಪಕ್ಕ ತಲೆ ಫ್ಯಾನಿನ ಕಡೆ, ಕಾಲು ಗೋಡೆಯ ಕಡೆ ಮಾಡಿ ಮಲಗಿದೆ. ನಡುವೆ ಹಾಸಿದ ಚಾಪೆಯ ಮೇಲೆ ಮಡಚಿಟ್ಟ ಸೀರೆಯ ಅಂಚು ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು. ಈ ವರ್ಷವೂ ಬೇಸಿಗೆ ಶುರುವಾಗಿದೆ. ಹನ್ನೆರಡಾಗುತ್ತಲೇ ಬಾಗಿಲಿಗೆ ಗುಂಡುಕಲ್ಲು ಇಡುತ್ತೇನೆ, ಚಾಪೆ ಹಾಸುತ್ತೇನೆ. ಗಾದೆಮ್ಮನ ಹುಣಸೆಹಣ್ಣು ಮಾತ್ರ ಈಗ ಅತ್ತೆಯೇ ಕೇರಿಗೆ ಹೋಗಿ ತರುತ್ತಾರೆ.